ಎರಿ ನೆಲಕ್ಕೆ ಒಗ್ಗಿದ ಗಾಡಿ

ಹಳೆಯ ಬೊಲೆರೊ ಓಡಿಸುವ ಸುಖ ಎಡಗಾಲಿನಿಂದ ಶುರುವಾಗುತ್ತದೆ. ಕ್ಲಚ್ ಬಿರುಸು, ಅರ್ಧಮರ್ಧ ತುಳಿದರೆ ಗೇರ್ ಕರಕರ ಅನ್ನುತ್ತದೆ. ಪೂರ್ತಿ ತುಳಿದು, ಉದ್ದನೆಯ ಗೇರ್ ರಾಡನ್ನು ಅವಸರವಿಲ್ಲದೆ ಎರಡನೇ ಗೇರಿಗೆ ಎಳೆದರೆ, ಅದು ಸರಿಯಾಗಿ ಕೂತದ್ದು ಅಂಗೈಗೆ ತಿಳಿಯುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿ ಹಿಡಿಯಬೇಕಿಲ್ಲ. 2523 ಸಿಸಿಯ ಈ ಡಿಐ ಡೀಸೆಲ್ ಇಂಜಿನ್ ಓಟಕ್ಕಿಂತ ಎಳೆತಕ್ಕೆ ಹೆಸರಾದದ್ದು. ಸಾವಕಾಶ ಸುತ್ತುತ್ತಲೇ ಏಳು ಮಂದಿಯನ್ನು ಹೊತ್ತು ಸುರಪುರದ ಗುಡ್ಡದ ಏರನ್ನು ಹತ್ತಿಬಿಡುತ್ತದೆ.

ಮಹೀಂದ್ರ ಕಂಪನಿ ಬೊಲೆರೊವನ್ನು ಮಾರುಕಟ್ಟೆಗೆ ತಂದದ್ದು 2000ನೇ ಇಸವಿಯಲ್ಲಿ. 1947ರಿಂದ ವಿಲ್ಲೀಸ್ ಜೀಪಿನ ಜೊತೆಗೆ ಬೆಳೆದು ಬಂದ ಕಂಪನಿಯ ರಕ್ತ ಇದರಲ್ಲೂ ಹರಿದಿದೆ: ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಹಿಂದೆ ಪಾಟಾ ಅಂದರೆ ಪಟ್ಟಿ ಸ್ಪ್ರಿಂಗು, ಹಿಂದಿನ ಗಾಲಿಗಳಿಗೆ ಎಳೆತ. ನನ್ನದು ಕಾಮನ್ ರೇಲ್ ಇಂಜಿನ್ ಬರುವ ಮೊದಲಿನದು. ನೋಂದಣಿಯ 15 ವರ್ಷ ಮುಗಿದು, ಫಿಟ್‌ನೆಸ್ ತೋರಿಸಿ, ಮತ್ತೆ 5 ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡಿದ್ದೇನೆ. ಹೊಸದು ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ನಮ್ಮೂರು ಗೋಗಿಯ ನೆಲದಲ್ಲೇ ಇದೆ.

ಗೋಗಿಯಿಂದ ಶಹಾಪುರದ ಕಡೆ ಹೊರಟರೆ ಸಣ್ಣ ದಾರಿಯಲ್ಲೇ ನೆಲ ಮೂರು ಬಗೆಯಾಗುತ್ತದೆ. ಮೊದಲು ಹತ್ತಿ, ತೊಗರಿ ಬೆಳೆಯುವ ಕಪ್ಪು ಎರಿ. ನಡುವೆ ಅಲ್ಲಲ್ಲಿ ಪದರ ಪದರವಾಗಿ ಏಳುವ ಫರಸಿ ಕಲ್ಲು. ಭೀಮಾ ಕಣಿವೆಯ ಈ ಸುಣ್ಣಕಲ್ಲು ಗ್ರಾನೈಟನ್ನು ಸಂಧಿಸುವ ಗೆರೆ ಗೋಗಿಯ ಬಳಿಯೇ ಹಾಯ್ದುಹೋಗುತ್ತದೆ. ಮುಂದೆ ಶಹಾಪುರದ ಗುಡ್ಡಗಳ ಗರಸು ನೆಲ, ಎದುರಿಗೆ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಸಾಲು. ಎರಿಯ ಮೇಲೆ ಸ್ಟೇರಿಂಗ್ ಮೆತ್ತಗಾಗುತ್ತದೆ, ಫರಸಿಯ ಮೇಲೆ ಕಟಕಟ ಅನ್ನುತ್ತದೆ, ಗರಸಿನ ಮೇಲೆ ಸಣ್ಣಗೆ ನಡುಗುತ್ತದೆ. ಇಷ್ಟನ್ನೂ ಕೈಗೆ ಮುಟ್ಟಿಸುವ ಗಾಡಿ ಇದು.

ಇದರ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಟೈರಿನ ಗೀರುಗಳಲ್ಲಿ ತುಂಬಿಕೊಂಡು ಅದನ್ನು ನುಣ್ಣಗೆ ಮಾಡಿಬಿಡುತ್ತದೆ. ಆಗ ಹೊಲದ ದಾರಿ ಹಿಡಿಯುವುದು ಒಂದು ಕಸುಬು. ಟ್ರ್ಯಾಕ್ಟರ್ ಕೊರೆದ ಗಾಲಿ ಜಾಡಿಗೆ ಇಳಿಯಬಾರದು. ಇಳಿದರೆ ಹಿಂದಿನ ಆಕ್ಸಲ್‌ನ ಹೌಸಿಂಗ್ ನೆಲಕ್ಕೆ ಕೂಡುತ್ತದೆ. ಒಂದು ಗಾಲಿಯನ್ನು ನಡುದಿಬ್ಬದ ಮೇಲೆ, ಇನ್ನೊಂದನ್ನು ಅಂಚಿನ ಹುಲ್ಲಿನ ಮೇಲೆ ಇಟ್ಟು, ಎರಡನೇ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗಬೇಕು. ನಡುವೆ ನಿಲ್ಲಬಾರದು, ಬ್ರೇಕ್ ಒತ್ತಬಾರದು, ರೇಸ್ ಏರಿಸಬಾರದು. ಎಳೆತ ಹಿಂದಿನ ಗಾಲಿಗಳದ್ದಾದ್ದರಿಂದ ಹಿಂದೆ ಎರಡು ಚೀಲ ಜೋಳ ಇಟ್ಟುಕೊಂಡರೆ ಹಿಡಿತ ಹೆಚ್ಚುತ್ತದೆ. ಹೀಗೆ ಹೊಲ ದಾಟಿ ಡಾಂಬರು ರಸ್ತೆಗೆ ಬಂದಾಗ ಗಾಲಿಯಿಂದ ಮಣ್ಣಿನ ಹೆಂಟೆಗಳು ಒಂದೊಂದೇ ಹಾರಿ ಬೀಳುವ ಸಪ್ಪಳ ಕೇಳುವುದೇ ನನಗೊಂದು ಹಿಗ್ಗು.

ಓಡಿಸಿದಷ್ಟೇ ಪ್ರೀತಿಯಿಂದ ನೋಡಿಕೊಳ್ಳಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ಕೂತ ನೀರನ್ನು ಆಗಾಗ ಇಳಿಸುತ್ತೇನೆ. ಬೇಸಿಗೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಅದನ್ನು ಝಾಡಿಸುತ್ತೇನೆ, ತೊಳೆಯುವುದಿಲ್ಲ. ರೇಡಿಯೇಟರ್ ಜಾಲಿಯಲ್ಲಿ ಸಿಕ್ಕ ಹೊಟ್ಟು, ಹತ್ತಿ ಎಳೆಗಳನ್ನು ಇಂಜಿನ್ ಕಡೆಯಿಂದ ಹೊರಮುಖವಾಗಿ ನೀರು ಬಿಟ್ಟು ತೆಗೆಯುತ್ತೇನೆ. ನಮ್ಮ ಬಿಸಿಲಿನಲ್ಲಿ ಇದನ್ನು ಮರೆತರೆ ಗಾಡಿ ದಾರಿಯಲ್ಲೇ ಕಾಯುತ್ತದೆ. ಮಿಸ್ತ್ರಿಯ ಕೆಲಸವನ್ನು ಮಾತ್ರ ನಿಂತು ನೋಡುತ್ತೇನೆ. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಆಲಿಸುತ್ತಾನೆ. ಒಮ್ಮೆ ಹಿಂದಿನಿಂದ ಏನೋ ಸಪ್ಪಳ ಬಂದಾಗ ನಾನು ಬೇರಿಂಗ್ ಇರಬಹುದು ಅಂದೆ. ಗಾಡಿ ಕೆಳಗೆ ನುಸುಳಿ ಬಂದವನೇ, "ಬೇರಿಂಗ್ ಅಲ್ರೀ ಕಾಕಾ, ಪಾಟಾದ ಬುಷ್ ಹೋಗ್ಯಾವ" ಅಂದ. ಸಂಜೆಯೊಳಗೆ ಗಾಡಿ ಮನೆಯ ಮುಂದಿತ್ತು. ತೆರೆದು, ನೋಡಿ, ಊರಲ್ಲೇ ರಿಪೇರಿ ಮಾಡಬಹುದಾದ ಯಂತ್ರ ಎಂಬುದು ನಮ್ಮಂಥ ಊರುಗಳಿಗೆ ಸಣ್ಣ ಮಾತಲ್ಲ.

ಇನ್ನು ಕೂಡುವ ಸುಖ. ಹಿಂಬದಿಯ ಎದುರುಬದುರು ಸೀಟಿನಲ್ಲಿ ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಮೈಲಾಪುರದ ಮಲ್ಲಯ್ಯನ ಜಾತ್ರೆಯಾಗಲಿ, ತಿಂಥಣಿಯ ಮೌನೇಶ್ವರನ ಜಾತ್ರೆಯಾಗಲಿ ಗಾಡಿಯಲ್ಲೇ ಆರಂಭವಾಗುತ್ತದೆ. ಊರಿಗೆ ಬಂದ ನೆಂಟರನ್ನು ಚಂದಾ ಹುಸೇನಿ ದರ್ಗಾಕ್ಕೆ ಕರೆದೊಯ್ದು, ವಿಜಯಪುರದ ಆದಿಲ್‌ಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಶಾಹನ ಸಮಾಧಿ ಇಲ್ಲೇ ಇದೆ ಎಂದು ತೋರಿಸುವುದೂ ಇದೇ ಗಾಡಿಯಲ್ಲಿ. ಅವ್ವನಿಗೆ ಮುಂದಿನ ಸೀಟೇ ಬೇಕು. ಕಾಲೆತ್ತಿ ಹತ್ತುವುದು ಕಷ್ಟವಾದರೂ ಒಮ್ಮೆ ಕೂತಳೆಂದರೆ ಕಾಲುವೆ ಏರಿಯಾಚೆಗಿನ ಭತ್ತದ ಗದ್ದೆ ಕಾಣುವಷ್ಟು ಎತ್ತರ. "ಇದರಾಗ ಕುಂತ್ರ ಎಲ್ಲಾರ ಹೊಲಾನೂ ಕಾಣ್ತಾವ ನೋಡಪ್ಪ" ಅನ್ನುತ್ತಾಳೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುವ ಮೊದಲಿನ ಒಣ ಹೊಲಗಳನ್ನು ಕಂಡವಳು ಆಕೆ. ಹಸಿರು ನೋಡುವ ಆಸೆ ಆಕೆಗೆ ಇನ್ನೂ ತೀರಿಲ್ಲ.

ಈ ಗಾಡಿಗೆ ಅದರದ್ದೇ ಮಿತಿಗಳಿವೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಎತ್ತರದ ಮೈಯಾದ್ದರಿಂದ ತಿರುವಿನಲ್ಲಿ ವಾಲುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಜೋರು ಓಡಿಸುವುದು ತರವಲ್ಲ. ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟು ಕರಿಹೊಗೆ ಕಾರಿದರೆ ಅದು ಊರಿಗೇ ಮಾಡುವ ಅಪಚಾರ. ಪಂಪು, ನಾಜಲ್ ಸರಿಯಾಗಿ ಇಟ್ಟುಕೊಳ್ಳುವುದು ಮಾಲೀಕನ ಹೊಣೆ.

ನಿಮ್ಮ ಮನೆಯ ಮುಂದೆಯೂ ಇಂಥದೊಂದು ಗಾಡಿ ನಿಂತಿದ್ದರೆ ಗುಜರಿಯವನ ಬೆಲೆ ಕೇಳುವ ಮೊದಲು ಒಳ್ಳೆಯ ಮಿಸ್ತ್ರಿಯೊಬ್ಬನಿಗೆ ತೋರಿಸಿ. ಚಾಸಿ ತುಕ್ಕು ಹಿಡಿಯದೆ, ಇಂಜಿನ್ ಹೊಗೆಯಾಡದೆ ಇದ್ದರೆ ಬಿಡಬೇಡಿ. ಎಣ್ಣೆ ಬದಲಿಸಿ, ಬ್ರೇಕ್ ಮಾಡಿಸಿ, ಕಾಗದಪತ್ರ ಸರಿಮಾಡಿಸಿ, ಸಾವಕಾಶ ಓಡಿಸಿ. ನಮ್ಮ ಎರಿ ಸೀಮೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಗಾಡಿಯನ್ನು ನಾನಂತೂ ಕಂಡಿಲ್ಲ.