ಅರ್ಧ ತಿಂದ ಹೋಳಿಗೆ

ನಾನು ಮದುವೆಯಾಗಿ ಬಂದ ವರ್ಷದ ದೀಪಾವಳಿ. ಹೊಸ ಸೊಸೆಯ ಕೈರುಚಿ ನೋಡೋಣವೆಂದು ಅತ್ತೆ ನನ್ನಿಂದಲೇ ಹೋಳಿಗೆ ಮಾಡಿಸಿದ್ದರು. ಹೂರಣ ಹದವಾಗಿತ್ತು, ಕಣಕವೂ ಚೆನ್ನಾಗಿ ನೆಂದಿತ್ತು. ಮಾವನವರು ಎಲೆಯ ಮುಂದೆ ಕುಳಿತು ಎರಡು ತುತ್ತು ತಿಂದಿದ್ದರೋ ಇಲ್ಲವೋ, ಬೀದಿಯಲ್ಲಿ ಯಾರೋ ಆಟಂ ಬಾಂಬ್ ಹಚ್ಚಿದರು. ಮಾವ ತಟ್ಟನೆ ಎದ್ದು, ಕೈ ತೊಳೆದು, ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನಾನು ಅಡಿಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. "ಅವರ ಸ್ವಭಾವವೇ ಹಾಗೆ, ಬಿಡಮ್ಮ" ಎಂದರು ಅತ್ತೆ. ಆಮೇಲೆ ಎಷ್ಟೋ ಹಬ್ಬಗಳು ಬಂದವು. ಹೋಳಿಗೆ ಬಡಿಸಲು ಹೋದರೆ ಮಾವ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದನ್ನು ನನ್ನ ಮೇಲಿನ ಅಸಮಾಧಾನವೆಂದೇ ತಿಳಿದಿದ್ದೆ.

ಮಾವನವರು ಸೈನ್ಯದಲ್ಲಿದ್ದವರೆಂದು ಗೊತ್ತಿತ್ತು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಗೋಡೆಯ ಮೇಲಿನ ಫೋಟೋದ ಧೂಳು ಒರೆಸುತ್ತಿದ್ದೆನೇ ಹೊರತು, ಒಂದು ದಿನವೂ ಕೂತು ಏನನ್ನೂ ಕೇಳಿದವಳಲ್ಲ.

ಕೇಳಿದ್ದು ನನ್ನ ಮಗಳು. ಡಿಸೆಂಬರ್ 16ರ ವಿಜಯ ದಿನಕ್ಕೆಂದು ಕಾಲೇಜಿನಲ್ಲಿ, ಮಾಜಿ ಸೈನಿಕರೊಬ್ಬರ ಅನುಭವ ಬರೆದು ತನ್ನಿ ಎಂದಿದ್ದರಂತೆ. ಹುಡುಗಿ ಹೋಗಿ, "ತಾತ, ಯುದ್ಧದಲ್ಲಿ ನೀವು ಎಷ್ಟು ಜನರನ್ನ ಹೊಡೆದ್ರಿ?" ಎಂದುಬಿಟ್ಟಳು. ತಾತ ಪೇಪರ್ ಮಡಚಿಟ್ಟು ಹೊರಗೆ ಹೊರಟುಹೋದರು.

ಮಾರನೆಯ ದಿನ ಜಗಲಿಯಲ್ಲಿ ಎಲ್ಲರೂ ಅವರೆಕಾಯಿ ಸುಲಿಯುತ್ತಿದ್ದೆವು. ಈ ಸಲ ಅವಳು, "ತಾತ, ಅಲ್ಲಿ ಊಟಕ್ಕೆ ಏನು ಕೊಡ್ತಿದ್ರು?" ಎಂದಳು.

"ಮುದ್ದೆ ಎಲ್ಲಿಂದ ಬರ್ಬೇಕು ಮಗ? ಪೂರಿ, ಆಲೂಗಡ್ಡೆ. ಚಳಿಗೆ ತಟ್ಟೆಯಲ್ಲೇ ತಣ್ಣಗಾಗ್ತಿತ್ತು" ಎಂದು ನಕ್ಕರು. ಆಮೇಲೆ ತಾವಾಗಿಯೇ ಮಾತು ಮುಂದುವರಿಸಿದರು.

1971ರ ಡಿಸೆಂಬರ್. ಗಡಿಯಾಚೆಯ ಶಕರ್‌ಗಢ ಪ್ರದೇಶ. ನಮ್ಮ ಟ್ಯಾಂಕುಗಳು ಮುಂದೆ ಹೋಗಬೇಕಾದರೆ ನೆಲದಲ್ಲಿ ಹೂತಿಟ್ಟ ಮೈನುಗಳನ್ನು ತೆಗೆದು ದಾರಿ ಮಾಡಬೇಕು. ಅದು ಸ್ಯಾಪರ್‌ಗಳ ಕೆಲಸ. ಕತ್ತಲಲ್ಲಿ ಹೊಟ್ಟೆಯ ಮೇಲೆ ತೆವಳುತ್ತ, ಕಂಬಿಯಿಂದ ಮಣ್ಣನ್ನು ಮೆಲ್ಲಗೆ ಓರೆಯಾಗಿ ಚುಚ್ಚಿ ನೋಡುತ್ತ ಸಾಗಬೇಕು. ದಾರಿಯಾದಷ್ಟಕ್ಕೆ ಗುರುತಿಗೆಂದು ಬಿಳಿ ಪಟ್ಟಿ ಎಳೆಯಬೇಕು. ಅಲ್ಲೇ ಬಸಂತರ್ ನದಿಯ ಬಳಿಯ ಕಾಳಗದಲ್ಲಿ ಡಿಸೆಂಬರ್ 16ರಂದು ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲರಿಗೆ ಬರೀ 21 ವರ್ಷ. ಮರಣಾನಂತರ ಅವರಿಗೆ ಪರಮವೀರ ಚಕ್ರ ಬಂತು. "ನನಗೂ ಆಗ ಅಷ್ಟೇ ವಯಸ್ಸು" ಎಂದರು ಮಾವ.

"ನನ್ನ ಜೊತೆಗಾರ ನಮ್ಮ ಪಕ್ಕದೂರಿನವನು. ನನಗಿಂತ ನಾಲ್ಕು ಮಾರು ಮುಂದಿದ್ದ. ಒಂದೇ ಸದ್ದು."

ಬಹಳ ಹೊತ್ತು ಸುಮ್ಮನಿದ್ದರು. ಮಗಳೂ ಸುಮ್ಮನಿದ್ದಳು.

"ಯುಗಾದಿಗೆ ರಜಾ ಸಿಕ್ತು. ಅವನ ತಾಯಿನ ನೋಡೋಕೆ ಹೋದೆ. ಆಯಮ್ಮ ಎಲೆ ಹಾಕಿ ಹೋಳಿಗೆ ಬಡಿಸಿ, ನನ್ನ ಮಗನ ಪಾಲೂ ನೀನೇ ತಿನ್ನಪ್ಪ ಅಂದ್ಲು. ಅರ್ಧ ತಿಂದೆ. ಮುಂದಕ್ಕೆ ಆಗ್ಲಿಲ್ಲ."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಅತ್ತೆ ತೀರಿಕೊಂಡು ಆರು ವರ್ಷ. ಅವರಿಗೂ ಇದನ್ನು ಹೇಳಿರಲಿಲ್ಲವಂತೆ. "ಯಾಕೆ ತಾತ?" ಎಂದಳು ಮಗಳು. "ಯಾರೂ ಕೇಳ್ಲಿಲ್ಲ ಮಗ."

ಸೋದರಿಯರೇ, 1971ರಲ್ಲಿ ಹರೆಯದವರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಡಿಸೆಂಬರ್ 7ರ ಧ್ವಜ ದಿನದಂದು ಮಕ್ಕಳ ಅಂಗಿಗೆ ಪುಟ್ಟ ಬಾವುಟ ಸಿಕ್ಕಿಸಿ ಕಳುಹಿಸುತ್ತೇವೆ, ಒಳ್ಳೆಯದೇ. ಅದರ ಜೊತೆಗೆ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಹಿರಿಯರೊಬ್ಬರಿದ್ದರೆ, ಮಕ್ಕಳನ್ನು ಅರ್ಧ ಗಂಟೆ ಅವರ ಬಳಿ ಕೂರಿಸಿ. ಎಷ್ಟು ಜನರನ್ನು ಕೊಂದಿರಿ ಎಂದು ಮಾತ್ರ ಕೇಳದಂತೆ ಹೇಳಿಕೊಡಿ. ಏನು ತಿಂದಿರಿ, ಜೊತೆಗೆ ಯಾರಿದ್ದರು, ಮನೆಯಿಂದ ಕಾಗದ ಬರುತ್ತಿತ್ತೇ ಎಂದು ಕೇಳಲಿ. ಅವರು ಸುಮ್ಮನಾದರೆ ಒತ್ತಾಯ ಬೇಡ, ನಾವೂ ಸುಮ್ಮನಿದ್ದರಾಯಿತು. ಹೇಳಿದ್ದನ್ನು ಊರು, ಹೆಸರು, ಇಸವಿ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ.

ಈ ಯುಗಾದಿಗೆ ಹೋಳಿಗೆ ಮಾಡಿದೆ. ಮಗಳು ಒಂದನ್ನು ಮುರಿದು, "ತಾತ, ಅರ್ಧ ನಿಮ್ಗೆ, ಅರ್ಧ ನಂಗೆ" ಎಂದಳು. ಮಾವ ಕೈ ಅಡ್ಡ ಹಿಡಿಯಲಿಲ್ಲ. ನಿಧಾನವಾಗಿ ತಿಂದು ಮುಗಿಸಿ, "ಬೆಲ್ಲ ಸ್ವಲ್ಪ ಜಾಸ್ತಿ ಆಯ್ತು ಕಣಮ್ಮ" ಎಂದರು.

ನನ್ನ ಹೋಳಿಗೆಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು.