ಪ್ಲೇ ಎಷ್ಟು ಬಿಟ್ಟಿ?

ಆ ಭಾನುವಾರ ಮಧ್ಯಾಹ್ನ ದಾವಣಗೆರೆಯಿಂದ ಹರಿಹರಕ್ಕೆ ಹೊರಟಾಗ ನನ್ನೊಳಗೆ ಸಣ್ಣದೊಂದು ಗರ್ವವಿತ್ತು. ಹಿಂದಿನ ದಿನ ಮನೆಯ ಮುಂದೆಯೇ ನಮ್ಮ ಹಳೆಯ ಮಾರುತಿ 800ರ ಕ್ಲಚ್ ಕೇಬಲ್ಲನ್ನು ನಾನೇ ಬದಲಾಯಿಸಿದ್ದೆ. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಬಾನೆಟ್ಟಿನೊಳಗೆ ತಲೆ ಹಾಕಿದ್ದನ್ನು ಓಣಿಯ ಹುಡುಗರು ನಿಂತು ನೋಡಿದ್ದರು. ಹಳೆಯ ಕೇಬಲ್ಲಿನ ಎಳೆಗಳು ಒಂದೊಂದಾಗಿ ಹರಿದು ಪೆಡಲ್ ಕಲ್ಲಿನಂತಾಗಿತ್ತು. ಹೊಸದು ಹಾಕಿದ ಮೇಲೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳತೊಡಗಿತು. ದಾವಣಗೆರೆಯವರಿಗೆ ಬೆಣ್ಣೆ ಬಿಟ್ಟರೆ ಬೇರೆ ಹೋಲಿಕೆ ಹೊಳೆಯುವುದಿಲ್ಲ, ಕ್ಷಮಿಸಿ.

ಸೋಮವಾರ ಬೆಳಗ್ಗೆ ದಾವಣಗೆರೆಯಲ್ಲಿ ಅಪ್ಪನ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಅವನನ್ನೂ ಅಮ್ಮನನ್ನೂ ಕರೆತರಲೆಂದೇ ಹೊರಟಿದ್ದೆ. ಕೇಬಲ್ ತಂದಿದ್ದೇನೆ ಎಂದು ಶನಿವಾರ ಫೋನಿನಲ್ಲಿ ಹೇಳಿದಾಗ ಅಪ್ಪ, "ತಡಿ, ಬಸ್ಸಿಗೆ ಬರ್ತೀನಿ, ಇಬ್ರೂ ಕೂಡಿ ಹಾಕೋಣ" ಅಂದಿದ್ದ. "ನಿಂಗೆ ಕಣ್ಣೇ ಕಾಣಲ್ಲ, ನೀ ಬಂದು ಏನ್ ಮಾಡ್ತಿ?" ಅಂದುಬಿಟ್ಟಿದ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಬಂದದ್ದು ಅಮ್ಮನ ಧ್ವನಿ.

ಹರಿಹರ ಇಲ್ಲಿಂದ ಸುಮಾರು 14 ಕಿಲೋಮೀಟರ್. ದೊಡ್ಡಬಾತಿಯ ಹತ್ತಿರ ಒಂದು ಲಾರಿಯನ್ನು ದಾಟಲೆಂದು ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಕಿರುಚಿತು, ಕಾರು ಮಾತ್ರ ಇದ್ದ ವೇಗದಲ್ಲೇ ಇತ್ತು. ಇನ್ನಷ್ಟು ಒತ್ತಿದೆ, ಇನ್ನಷ್ಟು ಕಿರುಚಿತು. ಲಾರಿ ಮುಂದೆ ಹೋಯಿತು. ಸುಟ್ಟ ವಾಸನೆ ಬಂದಾಗ ಹೊಲದಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿರಬೇಕು ಅಂದುಕೊಂಡೆ. ಗಾಜು ಏರಿಸಿದೆ. ವಾಸನೆ ಹೆಚ್ಚಾಯಿತು.

ರಸ್ತೆ ಬದಿಯ ಗ್ಯಾರೇಜೊಂದರ ಹುಡುಗ ಐವತ್ತು ಮಾರು ಓಡಿಸಿ ನೋಡಿ ತೀರ್ಪು ಕೊಟ್ಟ: "ಪ್ಲೇಟ್ ಹೋಗೈತಿ ಸರ್. ಗೇರ್‌ಬಾಕ್ಸ್ ಇಳಿಸ್ಬೇಕು. ನಾಳೆ ಸಂಜಿಗೆ ಕೊಡ್ತೀನಿ." ಅವನ ಮಾತಿನಲ್ಲಿ ಮೋಸವೇನೂ ಇರಲಿಲ್ಲ. ಸವೆದ ಪ್ಲೇಟಿನ ಲಕ್ಷಣವೂ ಇದೇ. ಆದರೆ ನಾಳೆ ಸಂಜೆಯೊಳಗೆ ಅಪ್ಪನ ಆಪರೇಷನ್ ಮುಗಿದಿರಬೇಕಿತ್ತು. ಅರ್ಧ ಗಂಟೆ ಕಾರು ತಣಿಸಿ, ಎಲ್ಲೂ ಜೋರು ಮಾಡದೆ, ಎಮ್ಮೆ ಹೊಡೆದುಕೊಂಡು ಹೋದಂತೆ ಹರಿಹರ ಮುಟ್ಟಿಸಿದೆ.

ಇಂಜಿನ್ ಬಂದ್ ಮಾಡುವ ಮೊದಲೇ ಅಪ್ಪ ಗೇಟಿನ ಹತ್ತಿರ ಬಂದಿದ್ದ. ಕಾರು ಅವನಿಗೆ ಬಿಳಿಯ ಮಬ್ಬಾಗಿ ಕಂಡಿರಬೇಕು. ಮೂಗು ಮಾತ್ರ ಚುರುಕಾಗಿತ್ತು.

"ಕ್ಲಚ್ ಸುಟ್ಟೀಯಲ್ಲೋ."

"ಪ್ಲೇಟ್ ಹೋಗೈತಂತೆ."

"ಅದಿರ್ಲಿ. ಕೇಬಲ್ ಹಾಕಿದ ಮ್ಯಾಲೆ ಪ್ಲೇ ಎಷ್ಟು ಬಿಟ್ಟಿ?"

ಅಪ್ಪ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವನು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಈಗಲೂ ತಿರುಗುತ್ತಿವೆ. ಕಾರ್ಖಾನೆ ಮುಚ್ಚಿ ಬಹಳ ವರ್ಷವಾಯಿತು. ಮಿಲಿಮೀಟರಿನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ ಬದುಕಿದ ಮನುಷ್ಯನಿಗೆ ನನ್ನ ಉತ್ತರ ಹೇಗೆ ಕೇಳಿಸಿತೋ. ಬಿಚ್ಚುವ ಮೊದಲು ನಾನು ಜಾಣತನ ಮಾಡಿದ್ದೆ: ಹಳೆಯ ಕೇಬಲ್ಲಿನ ತುದಿಯಲ್ಲಿ ನಟ್ಟಿನಿಂದ ಆಚೆ ಎಷ್ಟು ಮರೆಸುತ್ತು ಉಳಿದಿದೆ ಎಂದು ಎಣಿಸಿ, ಹೊಸದರಲ್ಲೂ ಅಷ್ಟೇ ಬಿಗಿದಿದ್ದೆ.

ಅಪ್ಪ ನಗಲಿಲ್ಲ. "ಹಳೇದು ಜಗ್ಗಿ ಜಗ್ಗಿ ಉದ್ದ ಆಗಿತ್ತು. ಅದ್ಕೇ ನಟ್ಟು ಅಷ್ಟು ಒಳಗ ಹೋಗಿತ್ತು. ಹೊಸದು ಇನ್ನೂ ಜಗ್ಗೇ ಇಲ್ಲ, ಅದನ್ನೂ ಅಷ್ಟೇ ಬಿಗಿದ್ರ?"

ಅಷ್ಟರಲ್ಲಿ ನನಗೂ ಅರ್ಥವಾಗಿತ್ತು. ಕ್ಲಚ್ ಪ್ಲೇಟ್ ಇರುವುದು ಇಂಜಿನ್ನಿನ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ. ಒಂದು ದೊಡ್ಡ ಸ್ಪ್ರಿಂಗು ಅದನ್ನು ಸದಾ ಅದುಮಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ಕೇಬಲ್ ಎಳೆದು, ರಿಲೀಸ್ ಬೇರಿಂಗ್ ಹೋಗಿ ಸ್ಪ್ರಿಂಗನ್ನು ಒತ್ತಿ, ಆ ಹಿಡಿತ ಬಿಡಿಸುತ್ತದೆ. ಕೇಬಲ್ಲಿಗೆ ಸಡಿಲವೇ ಇಲ್ಲದಿದ್ದರೆ ಕಾಲು ತೆಗೆದರೂ ಬೇರಿಂಗ್ ಒತ್ತಿಕೊಂಡೇ ಇರುತ್ತದೆ. ನಾನು ದಾವಣಗೆರೆಯಿಂದ ಹರಿಹರದವರೆಗೂ ಕ್ಲಚ್ಚನ್ನು ಅರೆಬರೆ ತುಳಿದುಕೊಂಡೇ ಬಂದ ಹಾಗಾಗಿತ್ತು. ಪ್ಲೇಟ್ ಹಿಡಿಯಲಾರದೆ ಜಾರಿದೆ, ಜಾರಿ ಸುಟ್ಟಿದೆ. ಎಷ್ಟು ಸುಟ್ಟಿದೆ ಎನ್ನುವುದೇ ಪ್ರಶ್ನೆ.

ತಣ್ಣಗಾಗುವವರೆಗೆ ಮುಟ್ಟಬೇಡ ಅಂದ. ಅಮ್ಮ ಕೊಟ್ಟ ಮಂಡಕ್ಕಿ ತಿನ್ನುತ್ತಾ ಕೂತೆವು. ಶನಿವಾರದ ಮಾತು ನನ್ನ ಗಂಟಲಲ್ಲೇ ಇತ್ತು, ಆದರೆ ಮಂಡಕ್ಕಿಯ ಜೊತೆ ಒಳಗೇ ಹೋಯಿತು. ನಮ್ಮಿಬ್ಬರ ನಡುವೆ ಅಂಥ ಮಾತಿನ ರೂಢಿಯಿಲ್ಲ.

ಆಮೇಲೆ ಅಪ್ಪ ಡ್ರೈವರ್ ಬಾಗಿಲ ಹತ್ತಿರ ನೆಲಕ್ಕೆ ಕೂತು ಅಂಗೈಯಿಂದ ಪೆಡಲ್ ಒತ್ತತೊಡಗಿದ. ನಾನು ಬಾನೆಟ್ಟಿನಲ್ಲಿ ಪಾನಾ ಹಿಡಿದು ನಿಂತೆ. "ಬಿಡು... ಇನ್ನೊಂದು ಸುತ್ತು ಬಿಡು..." ಸುಟ್ಟ ಹೆದರಿಕೆಗೆ ನಾನು ಹೇಳಿದ್ದಕ್ಕಿಂತ ಹೆಚ್ಚೇ ಬಿಟ್ಟೆ. ಇಂಜಿನ್ ಚಾಲೂ ಮಾಡಿ ರಿವರ್ಸ್ ಹಾಕಿದರೆ ಗರ್ರೆಂದಿತು. ಈಗ ಪೂರ್ತಿ ತುಳಿದರೂ ಕ್ಲಚ್ ಬಿಡುತ್ತಿರಲಿಲ್ಲ. ಬಂದ್ ಮಾಡಿ ಮತ್ತೆ ಬಿಗಿ. ಅಪ್ಪ ಕಣ್ಣು ಮುಚ್ಚಿಕೊಂಡು ಪೆಡಲ್ ಒತ್ತಿದ. "ಹಾಂ, ಇಲ್ಲಿ ತಾಗ್ತು ನೋಡು ಬೇರಿಂಗು." ಒಳಗಿನಿಂದ ತನ್ನ ಕೆಲಸದ ದಿನಗಳ ಸ್ಟೀಲ್ ಸ್ಕೇಲ್ ತರಿಸಿ ಪೆಡಲ್ಲಿಗೆ ಹಿಡಿದ. "ಓದು."

"ಹದಿನೆಂಟು ಮಿಲಿಮೀಟರ್."

"ಸಾಕು."

ಅದನ್ನು ಅವನು ಮೊದಲೇ ಕೈಯಲ್ಲಿ ಅಳೆದಾಗಿತ್ತು. ಸ್ಕೇಲು ನನಗೋಸ್ಕರ.

ಕೊನೆಯದು ಪರೀಕ್ಷೆ. ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕೂ ತುಳಿದು, ಮೂರನೇ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಹಿಡಿತ ಇದ್ದರೆ ಇಂಜಿನ್ ತಡೆದು ನಿಲ್ಲುತ್ತದೆ. ಜಾರುತ್ತಿದ್ದರೆ ಏನೂ ಆಗದವರಂತೆ ಓಡುತ್ತಲೇ ಇರುತ್ತದೆ. ಇದನ್ನು ಪದೇಪದೇ ಮಾಡಬಾರದು, ಒಂದು ಸಲ ಸಾಕು. ನಾನು ಕಾಲು ಸಡಿಲಿಸಿದೆ. ಕಾರು ಒಮ್ಮೆ ಮೈ ಕೊಡವಿ, ಗಕ್ಕೆಂದು ಸುಮ್ಮನಾಯಿತು. ಕಾರು ಕೆಟ್ಟು ನಿಂತಿದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಮರುದಿನ ಬೆಳಗ್ಗೆ ಅಪ್ಪ ಮುಂದಿನ ಸೀಟಿನಲ್ಲಿ, ಅಮ್ಮ ಹಿಂದೆ ಬುತ್ತಿಗಂಟಿನ ಜೊತೆ. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಇಂಜಿನ್ ಕೇಳುತ್ತಿದ್ದ. ಬಾತಿ ಹತ್ತಿರ ಒಂದು ಟ್ರ್ಯಾಕ್ಟರನ್ನು ದಾಟಿದೆ. ಸದ್ದು ಏರಿದಂತೆ ಕಾರೂ ಓಡಿತು. ಸ್ವಲ್ಪ ವಾಸನೆ ಇನ್ನೂ ಇತ್ತು.

"ನಾಕೈದು ತಿಂಗ್ಳು ಬಂದೀತು," ಅಂದ. "ಆಮ್ಯಾಲೆ ಪ್ಲೇಟ್ ಹಾಕ್ಬೇಕು. ಅಷ್ಟರಾಗ ನಂಗೂ ಕಣ್ಣು ಬಂದಿರ್ತತಿ."

"ಹ್ಞೂಂ ಅಪ್ಪಾ, ನೀ ಬಂದ ಮ್ಯಾಲೇ ಬಿಚ್ಚೋಣ," ಅಂದೆ.