ಮಹಾರಾಜರಿಲ್ಲದ ಕಛೇರಿ

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕೂತಿದ್ದೀರಿ. ತಲೆಯೆತ್ತಿದರೆ ಭಾರೀ ಗುಮ್ಮಟ, ಸುತ್ತಲೂ ಐದು ಸಾವಿರಕ್ಕೂ ಮೀರಿ ಜನ ಹಿಡಿಸುವ ದುಂಡನೆಯ ಸಭಾಂಗಣ. ಈ ಗುಮ್ಮಟದ ಪ್ರತಿಧ್ವನಿ ಕುಖ್ಯಾತ. ತಾನು ಬರೆದದ್ದನ್ನು ಎರಡೆರಡು ಸಲ ಕೇಳಬೇಕೆಂದರೆ ಇಲ್ಲಿಗೇ ಬರಬೇಕು ಅಂತ ಸಂಗೀತದವರು ನಗೆಯಾಡುವುದುಂಟು. ಇವತ್ತಿನ ಹೊಸ ಕೃತಿಯನ್ನು ಬರೆದವರಿಗೆ ಒಂದು ಸಲ ಕೇಳುವ ಯೋಗವೂ ಇರಲಿಲ್ಲ. ರಿಚರ್ಡ್ ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳು ಕಳೆದಿದೆ. 84ನೆಯ ವಯಸ್ಸಿನಲ್ಲಿ ಬರೆದಿಟ್ಟ ಹಾಡುಗಳಿಗೆ ‘ಕೊನೆಯ ನಾಲ್ಕು ಹಾಡುಗಳು’ ಎಂಬ ಹೆಸರನ್ನೂ ಅವರಿಟ್ಟದ್ದಲ್ಲ, ಅವರು ಹೋದ ಮೇಲೆ ಪ್ರಕಾಶಕರು ಇಟ್ಟದ್ದು.

ಬಾರದವರು ಇನ್ನೊಬ್ಬರಿದ್ದಾರೆ. ಕಛೇರಿಗೆ 4,800 ಡಾಲರಿನ ಖಾತರಿ ಕೊಟ್ಟ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಅವರು ಕೇಳಿದ್ದು ಇಷ್ಟೇ: ಹಾಡಿದ್ದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿಕೊಡಬೇಕು. ಹಾಗಾಗಿ ಇಲ್ಲೇ ಎಲ್ಲೋ ಅಸಿಟೇಟ್ ಪ್ಲೇಟುಗಳು ತಿರುಗಲು ಕಾದಿವೆ.

ಫಿಲ್‌ಹಾರ್ಮೋನಿಯಾ ವಾದ್ಯಮೇಳ ಶ್ರುತಿ ಸೇರಿಸಿಕೊಂಡಿದೆ. ನಿರ್ದೇಶಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ನೀಳಕಾಯದ ಮನುಷ್ಯ. ಅವರ ಕೈಕೋಲು ಗಾಳಿಯಲ್ಲಿ ನಡುಗುತ್ತದೆ. ತಾಳ ಬಿದ್ದದ್ದು ಎಲ್ಲಿ ಎಂಬುದು ಹೊಸಬರಿಗೆ ತಿಳಿಯುವುದೇ ಇಲ್ಲವಂತೆ, ಹಳಬರು ಹೇಗೋ ಹಿಡಿದುಬಿಡುತ್ತಾರೆ. ಅವರ ಪಕ್ಕಕ್ಕೆ ಬಂದು ನಿಂತವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಯಸ್ಸು 54, ತುಂಬಿದ ಮೈ. ಕೈ ಬೀಸುವುದು, ಕಣ್ಣರಳಿಸುವುದು ಇವರ ರೀತಿಯಲ್ಲ. ಕಂಬದ ಹಾಗೆ ನಿಂತು ಹಾಡುತ್ತಾರೆ. ಸಭೆಗೆ ಕೇಳಿಸಲು ಮೈಕಿಲ್ಲ. ಇಡೀ ವಾದ್ಯಮೇಳವನ್ನು ದಾಟಿ ದನಿಯೊಂದೇ ಮೇಲಿನ ಗ್ಯಾಲರಿಯವರೆಗೆ ಹೋಗಬೇಕು.

ಈ ದನಿಯನ್ನು ಜಗತ್ತು ತಡವಾಗಿ ಗುರುತಿಸಿತು. ನಾರ್ವೆಯ ಹಾಮಾರ್‌ನಲ್ಲಿ 1895ರಲ್ಲಿ ಹುಟ್ಟಿ, 18ರ ಹರೆಯದಲ್ಲೇ ರಂಗಕ್ಕೆ ಬಂದರೂ ಎರಡು ದಶಕ ಸ್ಕ್ಯಾಂಡಿನೇವಿಯಾದ ಆಚೆಗೆ ಹೆಸರಿರಲಿಲ್ಲ. 1935ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ವಾಗ್ನರನ ‘ಡಿ ವಾಲ್ಕ್ಯೂರ’ದ ಸೀಗ್ಲಿಂಡ ಆದರು. ಆ ಮಧ್ಯಾಹ್ನದ ಪ್ರದರ್ಶನ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸಿತು. ನಾಲ್ಕು ದಿನ ಕಳೆದು ವಾಗ್ನರನದೇ ‘ಟ್ರಿಸ್ಟಾನ್’ನ ಇಸೋಲ್ಡೆ. ಆಮೇಲೆ ವಾಗ್ನರ್ ಎಂದರೆ ಫ್ಲಾಗ್‌ಸ್ಟಾಡ್ ಎನ್ನುವಷ್ಟು ಹೆಸರು.

ಯುದ್ಧ ಎಲ್ಲವನ್ನೂ ಕೆಡಿಸಿತು. ಜರ್ಮನರು ನಾರ್ವೆಯನ್ನು ಹಿಡಿದಾಗ ಈಕೆ ಅಮೆರಿಕದಲ್ಲಿದ್ದರು. 1941ರಲ್ಲಿ ಎಲ್ಲರ ಬುದ್ಧಿಮಾತು ಮೀರಿ ಗಂಡನ ಬಳಿಗೆ ಹೊರಟರು. ಗಂಡ ಹೆನ್ರಿ ಯೋಹಾನ್ಸನ್ ಮರದ ವ್ಯಾಪಾರಿ, ನಾಜಿಗಳ ಜತೆ ಕೈಜೋಡಿಸಿದ ಕ್ವಿಸ್ಲಿಂಗ್‌ನ ಪಕ್ಷದಲ್ಲಿದ್ದವನು. ಯುದ್ಧ ಮುಗಿದ ಮೇಲೆ ಬಂಧನವಾಯಿತು, 1946ರಲ್ಲಿ ವಿಚಾರಣೆಗೂ ಮುಂಚೆ ಸತ್ತ. ಯುದ್ಧದ ಕಾಲದಲ್ಲಿ ಈಕೆ ಜರ್ಮನರ ಮುಂದೆ ಹಾಡಿದವರಲ್ಲ. ಆದರೂ 1947ರಲ್ಲಿ ಫಿಲಡೆಲ್ಫಿಯಾದಲ್ಲಿ ಹಾಡುವಾಗ ಸಭೆಯೊಳಗೆ ದುರ್ವಾಸನೆಯ ಬಾಂಬು ಬಿತ್ತು. ಹಾಡು ನಿಲ್ಲಿಸಲಿಲ್ಲ ಎನ್ನುತ್ತಾರೆ. ನನಗನ್ನಿಸುವ ಮಟ್ಟಿಗೆ ಗಂಡನ ಪಾಪದ ಲೆಕ್ಕವನ್ನು ಹೆಂಡತಿಯ ಖಾತೆಗೆ ಬರೆಯುವುದು ಎಲ್ಲ ದೇಶಗಳಲ್ಲೂ ಸಲೀಸು. ಸ್ಟ್ರಾಸ್ ಅಂಥ ಲೆಕ್ಕ ಹಾಕಲಿಲ್ಲ. ಈ ಹಾಡುಗಳನ್ನು ನೀವೇ ಮೊದಲು ಹಾಡಬೇಕು, ನಿರ್ದೇಶಕ ಮತ್ತು ಮೇಳ ಮೊದಲ ದರ್ಜೆಯದಾಗಿರಲಿ ಎಂದು ಸಾಯುವ ಕೆಲವೇ ತಿಂಗಳ ಮುಂಚೆ ಈಕೆಗೆ ಕಾಗದ ಬರೆದಿದ್ದರು.

ಈಗ ಕೇಳಿ. ಮೊದಲು ಬರುವುದು ಕವಿ ಹೆರ್ಮನ್ ಹೆಸ್ಸೆಯ ‘ನಿದ್ದೆಗೆ ಹೋಗುವಾಗ’. (ಇವತ್ತಿನವರು ‘ವಸಂತ’ದಿಂದ ಶುರುಮಾಡುತ್ತಾರೆ, ಆ ಸಂಜೆಯ ಕ್ರಮವೇ ಬೇರೆ.) ತಗ್ಗಿನ ತಂತಿವಾದ್ಯಗಳು ತಡಕಾಡುತ್ತ ಏಳುತ್ತವೆ. ಎರಡು ನುಡಿ ಮುಗಿದ ಮೇಲೆ ದನಿ ನಿಂತು ಒಂಟಿ ಪಿಟೀಲು ಮಾತಾಡತೊಡಗುತ್ತದೆ, ನಮ್ಮ ಕಛೇರಿಯಲ್ಲಿ ಗಾಯಕರು ಆಲಾಪನೆ ಬಿಟ್ಟುಕೊಟ್ಟಾಗ ಪಕ್ಕವಾದ್ಯ ಎತ್ತಿಕೊಳ್ಳುವ ಹಾಗೆ. ಮೂರನೆಯ ನುಡಿಯಲ್ಲಿ ಫ್ಲಾಗ್‌ಸ್ಟಾಡ್ ಅದೇ ಎಳೆಯನ್ನು ಹಿಡಿದು ಮೇಲಕ್ಕೆ ಹೋಗುತ್ತಾರೆ. ಹದಿನೈದು ವರ್ಷದ ಹಿಂದಿನ ತಾರಸ್ಥಾಯಿಯ ಸಲೀಸು ಈಗಿಲ್ಲ. ಮಧ್ಯಸ್ಥಾಯಿ ಮಾತ್ರ ತುಂಬಿ ಹರಿಯುತ್ತದೆ. ‘ಸೆಪ್ಟೆಂಬರ್’ ಮುಗಿಯುವುದು ಕೊಂಬಿನ ದನಿಯಲ್ಲಿ. ಸ್ಟ್ರಾಸರ ತಂದೆ ಕೊಂಬುವಾದಕರಾಗಿದ್ದರು. ಕೊನೆಯದು ಐಖೆನ್‌ಡಾರ್ಫನ ‘ಸಂಜೆಗೆಂಪಿನಲ್ಲಿ’. ಸಾವಿನ ಪ್ರಶ್ನೆ ಬಂದಾಗ, ಸ್ಟ್ರಾಸ್ ಇಪ್ಪತ್ತರ ಹರೆಯದಲ್ಲಿ ಬರೆದಿದ್ದ ‘ಸಾವು ಮತ್ತು ರೂಪಾಂತರ’ದ ಸ್ವರಗಳೇ ತಿರುಗಿ ಬರುತ್ತವೆ. ಬಾನಾಡಿಗಳಾಗಿ ಎರಡು ಕೊಳಲು ಕಂಪಿಸುತ್ತವೆ.

ಪ್ಲೇಟುಗಳ ಗುರಿ ಮೈಸೂರು. ಅಲ್ಲಿ ಕಾಯುತ್ತಿರುವ ಒಡೆಯರಿಗೆ ಇನ್ನೂ ಮೂವತ್ತು. ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆ ಹೋದರು, ಅದೇ ವರ್ಷ ದೊಡ್ಡಪ್ಪ ನಾಲ್ವಡಿಯವರೂ ಹೋಗಿ, ಸಿಂಹಾಸನ ಕೊರಳಿಗೆ ಬಿತ್ತು. ಈ ಕಛೇರಿಯ ಹೊತ್ತಿಗೆ ರಾಜ್ಯವೂ ಗಣರಾಜ್ಯದಲ್ಲಿ ಸೇರಿ ಅವರು ರಾಜಪ್ರಮುಖರಾಗಿ ನಾಲ್ಕು ತಿಂಗಳಾಗಿತ್ತು. ಸಂಗ್ರಹದಲ್ಲಿ ಸುಮಾರು 20,000 ಪ್ಲೇಟು. 1949ರಲ್ಲಿ ಮೈಸೂರಿಗೆ ಬಂದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಆ ಸಂಗ್ರಹ, ಧ್ವನಿವರ್ಧಕಗಳು, ದೊಡ್ಡ ಪಿಯಾನೊಗಳನ್ನು ಕಂಡು ದಂಗಾದರು. ಹೋಗುವಾಗ ಫಿಲ್‌ಹಾರ್ಮೋನಿಯಾಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನ ನೆರವನ್ನೂ, ರಷ್ಯದ ಸಂಯೋಜಕ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸುವ ಖರ್ಚನ್ನೂ ಪಡೆದೇ ಹೋದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಇದೇ ಒಡೆಯರು ವಾಸುದೇವಾಚಾರ್ಯರ ಬಳಿ ಕಲಿತು 94 ಕರ್ನಾಟಕ ಕೃತಿಗಳನ್ನೂ ರಚಿಸಿದರು.

ಅವತ್ತಿನ ಮುದ್ರಣ ಈಗ ಫೋನಿಗೇ ಬರುತ್ತದೆ. ಸಂತೆಯ ಗದ್ದಲದ ನಡುವೆ ನಿಂತು ಕೇಳಿದರೂ ಕೇಳಿಸುತ್ತದೆ, ಕಿವಿ ಮಾತ್ರ ಸ್ವಲ್ಪ ಪಳಗಬೇಕು. ಗರಗರ, ಸೀಳು, ದೂರದಲ್ಲಿ ಮುಸುಕಾದ ಮೇಳ. ಮುದ್ರಣ ಶುದ್ಧವಾಗಿಲ್ಲವೆಂದು ಮೂಗು ಮುರಿಯುವವರಿಗೆ ಆಮೇಲಿನ ನೂರು ಗಾಯಕಿಯರಿದ್ದಾರೆ. ಆದರೆ ಯಾರೂ ಹಿಂದೆ ಹಾಡಿರದ ಹಾಡನ್ನು ಹಾಡುವ ಎಚ್ಚರ ಇದೊಂದರಲ್ಲೇ ಸಿಗುವುದು.

1952ರಲ್ಲಿ ಇದೇ ಲೆಗ್, ಇದೇ ಫುರ್ಟ್‌ವೆಂಗ್ಲರ್ ಜತೆ ಫ್ಲಾಗ್‌ಸ್ಟಾಡ್ ‘ಟ್ರಿಸ್ಟಾನ್’ ಮುದ್ರಿಸಿದರು. ಅದರಲ್ಲಿ ಎಟುಕದ ತಾರಸ್ವರಗಳನ್ನು ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಹಾಡಿಕೊಟ್ಟರು, ಗುಟ್ಟು ಹೊರಬಿದ್ದಾಗ ಫ್ಲಾಗ್‌ಸ್ಟಾಡ್ ನೊಂದರು. 1958ರಲ್ಲಿ ಹೊಸದಾಗಿ ಹುಟ್ಟಿದ ನಾರ್ವೆ ಆಪೆರಾದ ಮೊದಲ ನಿರ್ದೇಶಕಿಯಾದರು. ಅದೇ ವರ್ಷ ವಿಯೆನ್ನಾದಲ್ಲಿ ವಾದ್ಯಮೇಳ ನಿರ್ದೇಶಕ ಸೋಲ್ಟಿಯ ‘ರೈನ್‌ಗೋಲ್ಡ್’ ಮುದ್ರಣಕ್ಕೆ ಫ್ರಿಕಾ ಪಾತ್ರ ಹಾಡಿದರು, ಎತ್ತರದ ಸ್ವರಗಳ ಕಾಟ ಕಡಿಮೆಯಿರುವ ಪಾತ್ರ. 1962ರ ಡಿಸೆಂಬರ್ 7ರಂದು ತೀರಿಕೊಂಡರು. ದೇಶದ್ರೋಹಿಯ ಹೆಂಡತಿ ಎಂದು ಒಂದು ಕಾಲಕ್ಕೆ ಮುಖ ತಿರುಗಿಸಿದ್ದ ನಾರ್ವೆ, ಮುಂದೆ ತನ್ನ ನೂರು ಕ್ರೋನರ್ ನೋಟಿನ ಮೇಲೆ ಆಕೆಯ ಚಿತ್ರ ಅಚ್ಚು ಹಾಕಿಸಿತು.